ಹದಿಮೂರು, ಹದಿನಾಲ್ಕು

ಆಟೋ ಕಾಂಪ್ಲೆಕ್ಸಿನ ಮೂರನೇ ಅಡ್ಡರಸ್ತೆ, ಲೇತ್ ಶೆಡ್ಡಿನ ಪಕ್ಕ
ಗೌಸ್ ಪೀರ್ ಸಾಹೇಬರ ಪ್ಯಾನೆಲ್ ಅಂಗಡಿ.
ಕೆಲಸ ಕೇಳಲು ಹೋದ ದಿನ ಮೊದಲು ನನ್ನ ಕೈ ನೋಡಿದರು,
ಮುಖ ಆಮೇಲೆ.
"ಹೊಲಿಗೆಯವರಾ?"
ಹನ್ನೊಂದು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರು ಕೂರಿಸಿದ ಬೆರಳು
ಸುಳ್ಳು ಹೇಳಲಿಲ್ಲ.
"ಹಾಗಾದ್ರೆ ತಂತಿ ಎಳೆಯೋಕೆ ಬರುತ್ತೆ.
ಯಾಕೆ ಎಳೀಬೇಕು ಅಂತ ಕಲೀಬೇಕು, ಅಷ್ಟೇ."

ಮೊದಲ ವಾರ ಬರೀ ಕೇಳುವುದು.
ಹಳೇ ರಿಲೇ ಒಂದನ್ನು ನನ್ನ ಕಿವಿಯ ಹತ್ತಿರ ಹಿಡಿದು
ಕಾಯಿಲಿಗೆ ಕರೆಂಟು ಕೊಟ್ಟರು: ಟಕ್.
ತೆಗೆದರು: ಟಕ್.
ಎರಡೂ ಒಂದೇ ಅಲ್ಲ. ಎಳೆದುಕೊಂಡಾಗ ಗಟ್ಟಿ,
ಬಿಟ್ಟಾಗ ತುಸು ಸಡಿಲ, ಸ್ಪ್ರಿಂಗಿನ ಉಸಿರು ಸೇರಿದ್ದು.

ಎದುರಂಗಡಿಯ ಡಿಪ್ಲೊಮಾ ಹುಡುಗ ಪ್ರದ್ಯುಮ್ನ ನಕ್ಕ:
"ಈಗೆಲ್ಲ ಪಿಎಲ್‌ಸಿ ಅಕ್ಕಾ, ಇದನ್ನ ಯಾರು ಕಲೀತಾರೆ?"
ಸಾಹೇಬರು ಟೀ ಲೋಟ ಕೆಳಗಿಟ್ಟರು.
"ಅದರೊಳಗೂ ಇದೇ ಏಣಿ ಕಣಪ್ಪ. ಶಬ್ದ ಕೇಳಿಸಲ್ಲ, ಅಷ್ಟೇ."

ಮೊದಲ ಸ್ಟಾರ್ಟರು.
ಹಸಿರು ಒತ್ತಿದೆ, ಮೋಟರು ತಿರುಗಿತು.
ಬೆರಳು ತೆಗೆದೆ, ನಿಂತಿತು.
"ದಿನವಿಡೀ ಒತ್ಕೊಂಡೇ ಇರ್ತೀರಾ?"
ಹನ್ನೊಂದು ವರ್ಷ ಪೆಡಲು ಹಾಗೇ ಒತ್ತಿಕೊಂಡಿದ್ದೆ
ಎನ್ನಲಿಲ್ಲ.
ಕಾಂಟ್ಯಾಕ್ಟರಿನ ಪಕ್ಕೆಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕದಾಗಿ
ಹದಿಮೂರು, ಹದಿನಾಲ್ಕು.
ಅದು ಎಳೆದುಕೊಂಡರೆ ಇದೂ ಕೂಡಿಕೊಳ್ಳುತ್ತದೆ,
ಹಸಿರು ಗುಂಡಿಯ ಮಗ್ಗುಲಲ್ಲೇ ಇನ್ನೊಂದು ದಾರಿ;
ಬೆರಳು ಹೋದರೂ ಬೆರಳು ಹೇಳಿದ್ದು ಉಳಿಯುತ್ತದೆ.
ತನ್ನನ್ನು ತಾನೇ ಹಿಡಿದುಕೊಳ್ಳುವುದು!
ಗೋಪಾಳದ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ
ಅದನ್ನೇ ಬರೆದೆ, ಐದು ಸಲ.

ಮಾರನೇ ದಿನ ಧೈರ್ಯ ಹೆಚ್ಚಾಗಿ ತಪ್ಪು ಮಾಡಿದೆ.
ಮಾಚೇನಹಳ್ಳಿ ಫೌಂಡ್ರಿಯ ಮರಳು ಕಲೆಸುವ ಯಂತ್ರದ ಪ್ಯಾನೆಲ್;
ಹಿಡಿದಿಡುವ ತಂತಿಯನ್ನು
ಕೆಂಪು ಗುಂಡಿ ದಾಟುವ ಮೊದಲೇ ಎತ್ತಿಕೊಂಡಿದ್ದೆ.
ಹಸಿರು: ತಿರುಗಿತು.
ಕೆಂಪು: ತಿರುಗುತ್ತಲೇ ಇತ್ತು.
ಮತ್ತೆ ಕೆಂಪು. ಅಂಗೈಯಿಂದ. ಎರಡೂ ಕೈಯಿಂದ.
ಸಾಹೇಬರು ಓಡಲಿಲ್ಲ, ನಡೆದು ಬಂದು
ಎಂಸಿಬಿ ಕೆಳಗಿಳಿಸಿದರು.

"ಬೇಡ ಅನ್ನೋ ಮಾತು ಮೂಲೇಲಿ ಕೂತಿರಬಾರದಮ್ಮ.
ದಾರಿ ಮಧ್ಯದಲ್ಲಿ ನಿಂತಿರಬೇಕು."
ಗುಂಡಿ ಬಿಚ್ಚಿ ತೋರಿಸಿದರು:
ಯಾರೂ ಮುಟ್ಟದಿರುವಾಗ ಕೆಂಪು ಕೂಡಿಯೇ ಇರುತ್ತದೆ,
ಕರೆಂಟು ಅದರ ಮೂಲಕವೇ ಹಾಯುತ್ತಿರುತ್ತದೆ.
"ಯಾಕೆ ಹೇಳಿ?"
ನನಗೆ ಹೊಳೆಯಲಿಲ್ಲ.
"ಇಲಿ ತಂತಿ ಕಡೀಲಿ, ಸ್ಕ್ರೂ ಸಡಿಲಾಗಲಿ,
ಆ ಮಾತು ಹರಿದುಹೋದ್ರೆ ಯಂತ್ರ ನಿಲ್ಲಬೇಕು.
ಓಡೋಕೆ ಅಪ್ಪಣೆ ಬೇಕು. ನಿಲ್ಲೋಕೆ ಬೇಡ."

ನಮ್ಮ ಲೈನಿನ ವಿಮಲಾಕ್ಷಿಯ ಹೆಬ್ಬೆರಳಿಗೆ ಸೂಜಿ ಇಳಿದ ದಿನ
ಗಂಟೆಗೆ ತೊಂಬತ್ತು ಪೀಸಿನ ಬೋರ್ಡು ಉರಿಯುತ್ತಲೇ ಇತ್ತು.
ನಲವತ್ತು ಜನ; ಒಬ್ಬರೂ ಪೆಡಲಿನಿಂದ ಕಾಲೆತ್ತಲಿಲ್ಲ,
ಸೂಪರ್‌ವೈಸರ್ ಬರಲಿ ಎಂದು ಕಾದೆವು.
ನಾನೂ.
ಎಲ್ಲಿಂದ ಎಳೆದಿದ್ದರೋ ನಮ್ಮ ತಂತಿಯನ್ನು.

ಸರಿಮಾಡಿ ಓಡಿಸುತ್ತಿದ್ದೆ. ನಾಲ್ಕೂವರೆಗೆ ಕರೆಂಟು ಹೋಯಿತು.
ಇಡೀ ಬೀದಿಯ ಲೇತುಗಳು ಒಟ್ಟಿಗೆ ಬಾಯಿ ಮುಚ್ಚಿದವು,
ಎಲ್ಲೋ ಒಬ್ಬ ಸೀನಿದ್ದು ಕೇಳಿಸಿತು.
ಮರಳಿ ಬಂದಾಗ ಫ್ಯಾನು ತಿರುಗಿತು, ರೇಡಿಯೋ ಹಾಡಿತು,
ನನ್ನ ಮೋಟರು ಸುಮ್ಮನಿತ್ತು.
ಪ್ರದ್ಯುಮ್ನ ಇಣುಕಿದ: "ಏನಕ್ಕಾ, ಕೆಟ್ಟೋಯ್ತಾ?"
"ಇಲ್ಲ. ಕತ್ತಲಲ್ಲಿ ಯಾರಾದ್ರೂ ಒಳಗೆ ಕೈ ಹಾಕಿದ್ರೆ?"
ಹೇಳಿದ ಮೇಲೆ ತಿಳಿಯಿತು, ನನಗೆ ಗೊತ್ತಿದೆ ಅಂತ.

ಹಸಿರು ಒತ್ತುವ ಮುಂಚೆ ಬಗ್ಗಿ ಒಳಗೆ ನೋಡಿದೆ.
ಕೈ ಯಾವುದೂ ಇರಲಿಲ್ಲ.
ಹದಿನಾಲ್ಕರ ಫೆರೂಲು ಮಾತ್ರ ತಲೆಕೆಳಗಾಗಿತ್ತು;
ತಂತಿ ಬಿಚ್ಚಿ, ತಿರುಗಿಸಿ, ಉಗುರಿನಿಂದ ಒತ್ತಿ ಕೂರಿಸಿದೆ,
ಕಾಲರಿನ ತುದಿಯನ್ನು ಕೂರಿಸುವ ಹಾಗೆ.